ದುರಂತದ ಬೆನ್ನಿಗೆ ಹುಟ್ಟಿದ ಹಡಗು ಕಂಪನಿ

ಅಥೆನ್ಸ್ ಮಗ್ಗುಲಿನ ಪಿರೇಯಸ್ ಬಂದರಿನಲ್ಲಿ ಸಂಜೆಯಾದರೆ ಲಾರಿ, ಕಾರುಗಳು ಸಾಲುಗಟ್ಟಿ ಹಡಗಿನ ಒಡಲು ಸೇರುತ್ತವೆ. ರಾತ್ರಿಯಿಡೀ ಏಜಿಯನ್ ಸಮುದ್ರದ ಪಯಣ. ಬೆಳಗಾದರೆ ಕ್ರೀಟ್ ದ್ವೀಪ. ಈ ಹಾದಿಯ ಚರಿತ್ರೆಯಲ್ಲೊಂದು ಕರಾಳ ರಾತ್ರಿಯಿದೆ.

1966ರ ಡಿಸೆಂಬರ್. ಕ್ರೀಟ್‌ನಿಂದ ಪಿರೇಯಸ್‌ಗೆ ಹೊರಟ ‘ಹೆರಾಕ್ಲಿಯಾನ್’ ಹಡಗು ಬಿರುಗಾಳಿಗೆ ಸಿಕ್ಕಿತು. ಒಳಗಿದ್ದ ಲಾರಿಯೊಂದು ಹೊಯ್ದಾಟಕ್ಕೆ ಸಡಿಲಗೊಂಡು, ಸರಕು ತುಂಬುವ ಬಾಗಿಲಿಗೆ ಬಡಿದು ಅದನ್ನು ಒಡೆದೇಬಿಟ್ಟಿತು. ನೀರು ನುಗ್ಗಿತು. 8ರ ನಸುಕಿನಲ್ಲಿ ಫಾಲ್ಕೊನೇರಾ ನಡುಗಡ್ಡೆಯ ಬಳಿ ಹಡಗು ಮುಳುಗಿ, 200ಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು.

ದುಃಖ ಸಿಟ್ಟಾಯಿತು.

ತನಿಖೆ ಮಾಲೀಕರ ನಿರ್ಲಕ್ಷ್ಯವನ್ನು ಬಯಲಿಗೆಳೆಯಿತು. ಇನ್ನು ಪರರನ್ನು ನೆಚ್ಚುವುದು ಬೇಡವೆಂದು ಕ್ರೀಟ್‌ನ ಜನ 1967ರಲ್ಲಿ ತಾವೇ ಷೇರು ಹಾಕಿ ‘ಅನೆಕ್’ ಕಂಪನಿ ಕಟ್ಟಿದರು. ಅರ್ಧ ಶತಮಾನ ದಾಟಿದ ಆ ಸಂಸ್ಥೆ 2023ರಲ್ಲಿ ಅಟಿಕಾ ಸಮೂಹದೊಳಗೆ ವಿಲೀನವಾಯಿತು.