ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಕರುಳಿನ ತೊಂದರೆಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ
ಮಲ್ಟಿಪಲ್ ಸ್ಕ್ಲೆರೋಸಿಸ್ ನರಮಂಡಲದ ದೀರ್ಘಕಾಲಿಕ ಕಾಯಿಲೆಯಾಗಿದ್ದು, ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಪಟ್ಟಿ ಮಾಡಲಾದ 21 ವಿಕಲತೆಗಳಲ್ಲಿ ಒಂದಾಗಿರುತ್ತದೆ. ನಡಿಗೆ ಹಾಗೂ ದೃಷ್ಟಿಯ ತೊಂದರೆಗಳನ್ನು ವೈದ್ಯರಿಗೆ ತಿಳಿಸುವವರೂ ಮಲವಿಸರ್ಜನೆಯ ತೊಂದರೆಯನ್ನು ಸಂಕೋಚದಿಂದ ಹೇಳದೇ ಇರುವುದುಂಟು. ಇದು ಸಹ ಕಾಯಿಲೆಯ ಭಾಗವಾಗಿದ್ದು, ಚಿಕಿತ್ಸೆಗೆ ಅರ್ಹವಾಗಿರುತ್ತದೆ.

ಕಾರಣಗಳು
ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆಗೆ ಹಾನಿ ಉಂಟುಮಾಡುವುದರಿಂದ ಕರುಳಿಗೆ ಹೋಗಿಬರುವ ಸಂದೇಶಗಳು ನಿಧಾನವಾಗುತ್ತವೆ ಅಥವಾ ತಪ್ಪುತ್ತವೆ. ಇದರ ಪರಿಣಾಮಗಳು ಈ ಕೆಳಕಂಡಂತಿವೆ:

1. ಮಲಬದ್ಧತೆ: ಅತಿ ಸಾಮಾನ್ಯ ತೊಂದರೆ. ಕರುಳಿನ ಚಲನೆ ಕುಗ್ಗುವುದು, ಗುದದ್ವಾರದ ಸ್ನಾಯುಗಳು ಸಕಾಲದಲ್ಲಿ ಸಡಿಲಗೊಳ್ಳದಿರುವುದು, ಓಡಾಟ ಕಡಿಮೆಯಾಗುವುದು ಇದಕ್ಕೆ ಕಾರಣ. ಮೂತ್ರದ ಅವಸರಕ್ಕೆ ಹೆದರಿ ನೀರು ಕಡಿಮೆ ಕುಡಿಯುವುದರಿಂದಲೂ, ಮೂತ್ರಕೋಶಕ್ಕೆ ನೀಡುವ ಕೆಲವು ಔಷಧಿಗಳಿಂದಲೂ ಇದು ಹೆಚ್ಚಾಗಬಹುದು.
2. ಮಲದ ಮೇಲೆ ಹತೋಟಿ ತಪ್ಪುವುದು: ಗಟ್ಟಿ ಮಲ ಕಟ್ಟಿಕೊಂಡು ಅದರ ಪಕ್ಕದಿಂದ ತೆಳು ಮಲ ಸೋರಬಹುದು. ಇದನ್ನು ಭೇದಿಯೆಂದು ತಿಳಿದು ಸ್ವತಃ ಮಾತ್ರೆ ಸೇವಿಸಬಾರದು.
3. ನುಂಗುವ ತೊಂದರೆ: ಊಟದ ವೇಳೆ ಪದೇಪದೇ ಕೆಮ್ಮು ಬಂದಲ್ಲಿ ವೈದ್ಯರಿಗೆ ತಿಳಿಸತಕ್ಕದ್ದು.

ಕರುಳು ತುಂಬಿದಾಗ ಕಾಲುಗಳ ಸೆಳೆತ ಹಾಗೂ ಮೂತ್ರದ ತೊಂದರೆ ಹೆಚ್ಚಾಗುವ ಸಾಧ್ಯತೆ ಇರುತ್ತದೆ.

ಅನುಸರಿಸಬೇಕಾದ ಕ್ರಮಗಳು
1. ವೈದ್ಯರು ನೀರಿನ ಮಿತಿ ಹೇಳಿರದಿದ್ದಲ್ಲಿ ದಿನಕ್ಕೆ 1.5ರಿಂದ 2 ಲೀಟರ್ ದ್ರವ ಸೇವಿಸುವುದು.
2. ರಾಗಿ, ಸೊಪ್ಪು, ಕಾಳು, ಹಣ್ಣುಗಳನ್ನು ಹಂತಹಂತವಾಗಿ ಹೆಚ್ಚಿಸುವುದು. ನುಂಗಲು ತೊಂದರೆ ಇರುವವರು ವೈದ್ಯರ ಸಲಹೆ ಪಡೆದು ಬದಲಾಯಿಸುವುದು.
3. ಬೆಳಗಿನ ಉಪಾಹಾರದ ನಂತರ 20ರಿಂದ 30 ನಿಮಿಷದೊಳಗೆ ನಿತ್ಯವೂ ಶೌಚಾಲಯಕ್ಕೆ ಹೋಗುವುದು. ಆಹಾರ ಸೇವನೆಯಿಂದ ಕರುಳಿನ ಚಲನೆ ಸಹಜವಾಗಿ ಹೆಚ್ಚುತ್ತದೆ.
4. ಕುಕ್ಕರಗಾಲಿನಲ್ಲಿ ಕೂರಲಾಗದವರು ಕಮೋಡ್ ಬಳಸಿ, ಪಾದಗಳ ಕೆಳಗೆ ಗಿಡ್ಡ ಮಣೆ ಇಟ್ಟುಕೊಳ್ಳುವುದು.
5. ವೈದ್ಯರನ್ನು ಕೇಳದೆ ಯಾವುದೇ ಔಷಧಿಯನ್ನು ನಿಲ್ಲಿಸಬಾರದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ ಕಂಡುಬಂದಲ್ಲಿ ವಿಳಂಬವಿಲ್ಲದೆ ವೈದ್ಯರನ್ನು ಕಾಣತಕ್ಕದ್ದು. ವಾಂತಿಯೊಡನೆ ತೀವ್ರ ಹೊಟ್ಟೆನೋವು ಅಥವಾ ಗುದದ್ವಾರದ ಸುತ್ತ ಹೊಸದಾಗಿ ಸ್ಪರ್ಶಜ್ಞಾನ ಇಲ್ಲದಿರುವುದು ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಅರ್ಜಿದಾರರ ಗಮನಕ್ಕೆ
ವಿಕಲತೆ ಪ್ರಮಾಣಪತ್ರ ಹಾಗೂ ಯು.ಡಿ.ಐ.ಡಿ. ಕಾರ್ಡ್‌ಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಅಧಿನಿಯಮದ ಮೀಸಲಾತಿಯಂತಹ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವಿಕಲತೆ ಪ್ರಮಾಣೀಕೃತವಾಗಿರಬೇಕು. ಈ ಕಾಯಿಲೆಯ ತೀವ್ರತೆ ಅಳೆಯಲು ನರರೋಗ ತಜ್ಞರು ಬಳಸುವ ಇ.ಡಿ.ಎಸ್.ಎಸ್. ಮಾಪನದಲ್ಲಿ ಕರುಳು ಮತ್ತು ಮೂತ್ರಕೋಶದ ಕಾರ್ಯವನ್ನೂ ಪರಿಗಣಿಸಲಾಗುತ್ತದೆ. ಆದುದರಿಂದ ತಪಾಸಣೆಗೆ ಮುನ್ನ ಎರಡು ವಾರಗಳ ಮಲವಿಸರ್ಜನೆಯ ವಿವರವನ್ನು ದಿನಾಂಕವಾರು ಬರೆದಿಟ್ಟುಕೊಂಡು, ಚಿಕಿತ್ಸಾ ದಾಖಲೆಗಳೊಂದಿಗೆ ವೈದ್ಯರ ಮುಂದೆ ಹಾಜರುಪಡಿಸಲು ಕೋರಲಾಗಿದೆ.