ಒಡೆದ ಚಿತ್ರ, ಕೂಡಿದ ಗೋಡೆ: ಶಿವಮೊಗ್ಗದ ನಿಯಂತ್ರಣ ಕೇಂದ್ರದ ನಿಮಿತ್ತ ಒಂದು ಐತಿಹಾಸಿಕ ವಿವೇಚನೆ

ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಸ್ಮಾರ್ಟ್ ಸಿಟಿ ಯೋಜನೆಯ ಪಟ್ಟಿಯಲ್ಲಿ ಶಿವಮೊಗ್ಗ ನಗರದ ಹೆಸರು ಸೇರಿದುದು 2016ರ ಸೆಪ್ಟೆಂಬರಿನಲ್ಲಿ. ಯೋಜನೆಯ ಅವಧಿ 2025ರ ಮಾರ್ಚಿಗೆ ಮುಗಿಯಿತು. ಆದರೆ ಅದು ಆಯ್ದ ನೂರು ನಗರಗಳಲ್ಲಿ ಒಂದೊಂದು ಆಜ್ಞಾ ಮತ್ತು ನಿಯಂತ್ರಣ ಕೇಂದ್ರವನ್ನು ಉಳಿಸಿ ಹೋಗಿದೆ. ಇಂತಹ ಕೇಂದ್ರದ ಮುಖ್ಯ ಕೊಠಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ವಿಡಿಯೋ ವಾಲ್, ಎಂದರೆ ಹಲವು ಪರದೆಗಳನ್ನು ಅಂಚಿಗೆ ಅಂಚು ತಾಗುವಂತೆ ಜೋಡಿಸಿ ಒಂದೇ ಪರದೆಯಂತೆ ದುಡಿಸುವ ಗೋಡೆ. ಎಂಜಿನಿಯರರಿಗೆ ಅದು ಉಪಕರಣ, ಆಡಳಿತದವರಿಗೆ ಸೌಕರ್ಯ. ಇತಿಹಾಸದ ಅಧ್ಯಾಪಕರಾದ ನಮಗೆ ಅದು ಮುಂದೊಂದು ದಿನ ಆಕರವಾಗಬೇಕಾದ ವಸ್ತು. ಆ ಗೋಡೆಯ ಮೇಲೆ ಮೂಡಿದುದು ಯಾವ ರೂಪದಲ್ಲಿ, ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಅದಕ್ಕೆ ಉತ್ತರ ಹುಡುಕಬೇಕಾದರೆ ಚಿತ್ರವನ್ನು ಒಡೆದು ಹಂಚುವ ಕಲೆ ಎಲ್ಲಿಂದ ಬಂತು, ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಒಂದು ವೃತ್ತಾಂತವನ್ನು ಹಲವು ಅಂಕಣಗಳಿಗೆ ಹಂಚುವ ಪದ್ಧತಿ ಮಲೆನಾಡಿಗೆ ಹೊಸದಲ್ಲ. ನಗರದ ಕೋಟೆ ಪ್ರದೇಶದಲ್ಲಿ ಶಿವಪ್ಪನಾಯಕನ ಹೆಸರಿನಿಂದ ಪ್ರಸಿದ್ಧವಾದ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋದ ವಿದ್ಯಾರ್ಥಿಗಳು ಅಲ್ಲಿಯ ವೀರಗಲ್ಲುಗಳನ್ನು ಕಂಡಿರುತ್ತಾರೆ. ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ. ಅಂಕಣಗಳನ್ನು ಬೇರ್ಪಡಿಸುವ ಕಲ್ಲಿನ ಪಟ್ಟಿಯಲ್ಲಿಯೇ ಎಷ್ಟೋ ವೇಳೆ ಶಾಸನದ ಅಕ್ಷರಗಳಿರುತ್ತವೆ. ಆದರೆ ಇಲ್ಲಿ ಹಂಚಿಹೋಗಿರುವುದು ಕಾಲ. ಒಂದಾದ ಮೇಲೊಂದು ನಡೆದುದನ್ನು ಶಿಲ್ಪಿ ಒಂದರ ಮೇಲೊಂದು ಇರಿಸಿದ್ದಾನೆ. ವಿಡಿಯೋ ವಾಲ್ ಹಂಚುವುದು ಒಂದೇ ಕ್ಷಣದ ಸ್ಥಳವನ್ನು. ಈ ಭೇದವನ್ನು ಮರೆತು ಎರಡನ್ನೂ ಒಂದೇ ವಂಶದಲ್ಲಿ ಸೇರಿಸುವುದು ಚಮತ್ಕಾರವಾದೀತೇ ಹೊರತು ಇತಿಹಾಸವಾಗದು. ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸಿ ಮುಂದೆ ಹೋಗುತ್ತೇವೆ.

ಒಂದೇ ಕ್ಷಣದ ದೃಶ್ಯವನ್ನು ಒಡೆದು ಕೂಡಿಸುವ ಯತ್ನ ಮೊದಲು ಬಲವಾಗಿ ಕಂಡುಬಂದುದು ಚಲನಚಿತ್ರದಲ್ಲಿ. ಫ್ರಾನ್ಸಿನ ಆಬೆಲ್ ಗಾನ್ಸ್ 1927ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ‘ನೆಪೋಲಿಯನ್’ ಚಿತ್ರದ ಕೊನೆಯ ಭಾಗಕ್ಕೆ ಮೂರು ಪರದೆಗಳನ್ನು ಸಾಲಾಗಿ ಇಟ್ಟು, ಮೂರು ಪ್ರಕ್ಷೇಪಕಗಳನ್ನು ಏಕಕಾಲಕ್ಕೆ ನಡೆಸಿದನು. ಎತ್ತರಕ್ಕಿಂತ ನಾಲ್ಕು ಪಟ್ಟು ಅಗಲವಾದ ಚಿತ್ರ ಅದರಿಂದ ದೊರೆಯಿತು. ಅದೇ ತಂತ್ರವನ್ನು ವ್ಯಾಪಾರಕ್ಕೆ ಒಗ್ಗಿಸಿದವನು ಅಮೆರಿಕದ ಫ್ರೆಡ್ ವಾಲರ್. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಗೋಲಂದಾಜರ ತರಬೇತಿಗಾಗಿ ಅವನು ಐದು ಪ್ರಕ್ಷೇಪಕಗಳ ಒಂದು ಯಂತ್ರವನ್ನು ಮಾಡಿದ್ದನು. ಯುದ್ಧಾನಂತರ ಅದರ ಅನುಭವದಿಂದ ಮೂರು ಪ್ರಕ್ಷೇಪಕಗಳ ‘ಸಿನೆರಾಮಾ’ ಹುಟ್ಟಿ, 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ ಮೊದಲ ಪ್ರದರ್ಶನ ಕಂಡಿತು.

ಸಿನೆರಾಮಾದ ಕಷ್ಟಗಳನ್ನು ತುಸು ನಿಧಾನವಾಗಿ ನೋಡುವುದು ಉಚಿತ. ಇಂದಿನ ವಿಡಿಯೋ ವಾಲ್ ಜೋಡಿಸುವವರ ಕಷ್ಟಗಳೂ ಬಹುಮಟ್ಟಿಗೆ ಅವೇ. ಮೊದಲನೆಯದು ಸಂದಿನದು. ಎರಡು ಚಿತ್ರಗಳು ಕೂಡುವ ಕಡೆ ಗೆರೆಯೊಂದು ಎದ್ದುಕಾಣುತ್ತಿತ್ತು. ಅದನ್ನು ಮಸುಳಿಸಲು ಪ್ರಕ್ಷೇಪಕದ ಬಾಯಲ್ಲಿ ಬಾಚಣಿಗೆಯಂತಹ ಹಲ್ಲುಗಳುಳ್ಳ ತಗಡನ್ನು ವೇಗವಾಗಿ ಅದುರಿಸುತ್ತಿದ್ದರು. ಎರಡನೆಯದು ಕಾಲದ್ದು. ಮೂರು ಸುರುಳಿಗಳಲ್ಲಿ ಒಂದು ತುಂಡಾದರೆ, ಕೆಟ್ಟುಹೋದಷ್ಟೇ ಕಪ್ಪು ಚೌಕಟ್ಟುಗಳನ್ನು ಎಣಿಸಿ ಅಲ್ಲಿ ಸೇರಿಸಬೇಕಾಗಿತ್ತು. ಒಂದು ಚೌಕಟ್ಟು ಹೆಚ್ಚುಕಡಿಮೆಯಾದರೂ ಆ ಬಳಿಕ ಮೂರನೆಯ ಒಂದು ಪಾಲು ಲೋಕ ಉಳಿದೆರಡಕ್ಕಿಂತ ಹಿಂದೆಯೋ ಮುಂದೆಯೋ ನಡೆಯುತ್ತಿತ್ತು. ಮೂರನೆಯದು ಬೆಳಕಿನದು. ಮೂರು ದೀಪಗಳ ಕಾಂತಿ ಒಂದೇ ಸಮನಾಗಿ ಇರುವಂತೆ ನೋಡಿಕೊಳ್ಳುವುದು ನಿತ್ಯದ ಕೆಲಸವಾಗಿತ್ತು.

ಆ ಬಳಿಕದ ಘಟ್ಟಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1959ರಲ್ಲಿ ಮಾಸ್ಕೋದ ಅಮೆರಿಕನ್ ಪ್ರದರ್ಶನದಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಏಳು ಪರದೆಗಳ ಮೇಲೆ ತಮ್ಮ ದೇಶದ ದಿನಚರಿಯನ್ನು ತೋರಿಸಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸ್ಥಾಪನೆಗೆ ತಳಹದಿಯಾದ 1958ರ ವರದಿಯನ್ನು ಬರೆದವರೂ ಇವರೇ. 1967ರ ಮಾಂಟ್ರಿಯಲ್ ಪ್ರದರ್ಶನದಲ್ಲಿ ಚೆಕೊಸ್ಲೊವಾಕಿಯದವರು 112 ಪೆಟ್ಟಿಗೆಗಳ ಗೋಡೆಯೊಂದನ್ನು ನಿಲ್ಲಿಸಿ, ಒಂದೊಂದರೊಳಗೂ ಎರಡೆರಡು ಸ್ಲೈಡ್ ಪ್ರಕ್ಷೇಪಕಗಳನ್ನು ಇಟ್ಟಿದ್ದರು. ಚಿತ್ರ ಒಡೆದು ಚೂರಾಗುವುದೂ ಮರಳಿ ಕೂಡುವುದೂ ಅಲ್ಲಿ ಪ್ರದರ್ಶನದ ವಿಷಯವೇ ಆಯಿತು. 1988ರಲ್ಲಿ ಕೊರಿಯದ ಕಲಾವಿದ ನಾಮ್ ಜೂನ್ ಪೈಕ್ 1003 ಟೆಲಿವಿಷನ್ ಪೆಟ್ಟಿಗೆಗಳ ಗೋಪುರವನ್ನು ಕಟ್ಟಿದನು.

ಆದರೆ ನಿಯಂತ್ರಣ ಕೊಠಡಿಯ ಗೋಡೆಗೆ ಇನ್ನೊಂದು ವಂಶವೂ ಉಂಟು. ನಮ್ಮ ಜಿಲ್ಲೆಗೆ ಹತ್ತಿರವಾದುದು ಅದೇ. ಜೋಗದ ಜಲವಿದ್ಯುತ್ ಕೇಂದ್ರ 1948ರಲ್ಲಿ ಕೆಲಸ ಆರಂಭಿಸಿತು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕೇಂದ್ರ ಅದನ್ನು ಹಿಂಬಾಲಿಸಿತು. ವಿದ್ಯುತ್ತಿನ ಹಂಚಿಕೆಯನ್ನು ನಡೆಸುವ ಕೊಠಡಿಗಳಲ್ಲಿ ಹಿಂದೆ ಗೋಡೆಯ ಮೇಲೆ ಮಾರ್ಗಗಳ ನಕ್ಷೆಯನ್ನು ಬಣ್ಣದ ಗೆರೆಗಳಿಂದ ಬರೆದು, ಒಂದೊಂದು ಸ್ವಿಚ್ಚಿಗೂ ಒಂದೊಂದು ದೀಪವನ್ನು ಕೂರಿಸುವ ಪದ್ಧತಿ ಇದ್ದಿತು. ದೀಪ ಕೆಂಪಾದರೆ ಒಂದು ಅರ್ಥ, ಹಸಿರಾದರೆ ಇನ್ನೊಂದು. ಅಲ್ಲಿ ತೋರುತ್ತಿದ್ದುದು ಚಿತ್ರವಲ್ಲ, ಸಂಜ್ಞೆ. ಯಾವುದು ಮುಖ್ಯ ಎಂಬ ವಿವೇಚನೆ ನಕ್ಷೆ ಬರೆದವನ ತಲೆಯಲ್ಲಿಯೇ ಮುಗಿದಿರುತ್ತಿತ್ತು. ಸಂಜ್ಞೆಯ ಗೋಡೆ ಹೋಗಿ ಚಿತ್ರದ ಗೋಡೆ ಬಂದಾಗ ಆ ವಿವೇಚನೆಯೂ ಕೈ ಬದಲಾಯಿಸಿತು. ಈಗ ಅದು ಗೋಡೆಯ ವಿನ್ಯಾಸವನ್ನು ಕ್ಷಣಕ್ಷಣಕ್ಕೂ ಬದಲಿಸಬಲ್ಲ ಮೇಜಿನ ಮುಂದೆ ಕುಳಿತವನದು.

ಇನ್ನು ಚಿತ್ರ ವಿಭಾಜಕ ಯಂತ್ರದ ಕೆಲಸ. ಇಲ್ಲಿ ಪದಗಳ ಗೊಂದಲವೊಂದನ್ನು ನಿವಾರಿಸಬೇಕು. ಅಂಗಡಿಯಲ್ಲಿ ‘ಸ್ಪ್ಲಿಟರ್’ ಎಂದು ಕೇಳಿದರೆ ಕೊಡುವ ಸಾಮಾನ್ಯ ಎಚ್‌ಡಿಎಂಐ ಪೆಟ್ಟಿಗೆ ಚಿತ್ರವನ್ನು ಒಡೆಯುವುದಿಲ್ಲ. ಇಡೀ ಚಿತ್ರವನ್ನೇ ಪ್ರತಿಯೊಂದು ಪರದೆಗೂ ನಕಲು ಮಾಡಿ ಕೊಡುತ್ತದೆ. ಭದ್ರಾವತಿಯ ಆಕಾಶವಾಣಿ 1965ರಿಂದ ಮಾಡಿಕೊಂಡು ಬಂದ ಕೆಲಸ ಈ ಜಾತಿಯದು: ಕಾರ್ಖಾನೆಯ ವಸತಿಯಲ್ಲಾಗಲಿ ಕಾಡಿನ ಅಂಚಿನ ಹಳ್ಳಿಯಲ್ಲಾಗಲಿ, ರೇಡಿಯೋ ಇದ್ದವನಿಗೆಲ್ಲ ಪೂರ್ತಿ ಧ್ವನಿ. ಗೋಡೆಗೆ ಬೇಕಾದ ಯಂತ್ರ ಬೇರೆ. ಅದು ಬಂದ ಚಿತ್ರವನ್ನು ಅಡ್ಡ ಸಾಲು ಉದ್ದ ಸಾಲುಗಳಲ್ಲಿ ಕತ್ತರಿಸಿ, ಪ್ರತಿ ತುಂಡನ್ನೂ ಪರದೆಯ ಅಳತೆಗೆ ಹಿಗ್ಗಿಸಿ, ಅದರದರ ಸ್ಥಾನಕ್ಕೆ ಕಳುಹಿಸುತ್ತದೆ. ಯಾವ ಪರದೆಯೂ ಪೂರ್ಣ ಚಿತ್ರವನ್ನು ಕಾಣದು.

ಮೂರು ಸಾಲು, ಸಾಲಿಗೆ ಮೂರು ಪರದೆಯ ಗೋಡೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಂದೊಂದು ಪರದೆಯೂ 1920 ಅಗಲ, 1080 ಎತ್ತರದ ಪಿಕ್ಸೆಲ್‌ಗಳುಳ್ಳದ್ದಾದರೆ ಇಡೀ ಗೋಡೆ 5760ಕ್ಕೆ 3240. ಈ ಗೋಡೆಗೆ 1920ಕ್ಕೆ 1080ರ ಒಂದು ಕ್ಯಾಮೆರಾದ ಚಿತ್ರವನ್ನು ಕೊಟ್ಟರೆ, ಪ್ರತಿ ಪರದೆಯ ಪಾಲಿಗೆ ಬರುವುದು 640ಕ್ಕೆ 360ರ ತುಂಡು ಮಾತ್ರ. ಒಂದು ಬಿಂದು ಒಂಬತ್ತು ಬಿಂದುಗಳಾಗಿ ಹಿಗ್ಗುತ್ತದೆ. ಚಿತ್ರ ದೊಡ್ಡದಾಯಿತೇ ವಿನಾ ವಿವರ ಒಂದಿಷ್ಟೂ ಹೆಚ್ಚಲಿಲ್ಲ. ದೊಡ್ಡ ಗೋಡೆಯ ಮೇಲೆ ಕಂಡದ್ದು ಹೆಚ್ಚು ನಿಜವೆಂದು ನಂಬುವ ನೋಟಕರು ಈ ಸಣ್ಣ ಲೆಕ್ಕವನ್ನು ನೆನಪಿನಲ್ಲಿಡುವುದು ಲೇಸು. ಇದಕ್ಕೆ ಪ್ರತಿಯಾಗಿ, 3840ಕ್ಕೆ 2160ರ ಚಿತ್ರವನ್ನು ಎರಡಕ್ಕೆ ಎರಡರ ಗೋಡೆಗೆ ಕೊಟ್ಟರೆ ಒಂದೊಂದು ಪರದೆಗೂ ಸರಿಯಾಗಿ ಅದರ ಅಳತೆಯ ತುಂಡೇ ದೊರೆಯುತ್ತದೆ. ಮೂರು ಪರದೆಗಳನ್ನು ಒಂದೇ ಸಾಲಿನಲ್ಲಿ ಇಟ್ಟರೆ ಆಕಾರವೇ ಕೆಡುತ್ತದೆ: ಸಾಮಾನ್ಯ ಚಿತ್ರದಿಂದ ಅದನ್ನು ತುಂಬಬೇಕಾದರೆ ಮೂರು ಪಟ್ಟು ಎಳೆಯಬೇಕು, ಇಲ್ಲವೆ ಎತ್ತರದ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿಬಿಡಬೇಕು.

ಜೋಡಣೆಯ ಕ್ರಮದಲ್ಲಿ ಪ್ರತಿ ಪರದೆಗೂ ಮೊದಲು ಒಂದು ವಿಳಾಸ ಕೊಡಬೇಕು: ಇಂತಹ ಅಡ್ಡ ಸಾಲು, ಇಂತಹ ಉದ್ದ ಸಾಲು ಎಂದು. ಎರಡು ಪರದೆಗಳ ವಿಳಾಸ ಅದಲುಬದಲಾದರೆ ರಸ್ತೆಯ ತುದಿ ಆಕಾಶದಲ್ಲಿ ಕಾಣುತ್ತದೆ. ಬಳಿಕ ಅಂಚುಪಟ್ಟಿಯ ಲೆಕ್ಕ. 55 ಅಂಗುಲದ ಪರದೆಯಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 0.63 ಮಿಲಿಮೀಟರ್, ಎರಡು ಪರದೆಗಳ ನಡುವೆ 3.5 ಮಿಲಿಮೀಟರ್ ಅಂಚು ಇದ್ದರೆ ಅದು ಐದಾರು ಪಿಕ್ಸೆಲ್‌ಗಳಿಗೆ ಸಮ. ಇಲ್ಲಿ ಎರಡು ದಾರಿಗಳಿವೆ. ಅಂಚನ್ನು ಲೆಕ್ಕಿಸದೆ ಬಿಟ್ಟರೆ ಚಿತ್ರದ ಯಾವ ಭಾಗವೂ ಕಳೆದುಹೋಗದು, ಆದರೆ ಓರೆಯಾದ ಗೆರೆ ಸಂದಿನಲ್ಲಿ ಮುರಿದಂತೆ ಕಾಣುತ್ತದೆ. ಅಂಚನ್ನು ಲೆಕ್ಕಕ್ಕೆ ಹಿಡಿದರೆ ಕಿಟಕಿಯ ಸರಳಿನ ಹಿಂದೆ ಲೋಕ ಮುಂದುವರಿದಂತೆ ಗೆರೆ ನೇರವಾಗಿ ಸಾಗುತ್ತದೆ, ಆದರೆ ಆ ಐದಾರು ಪಿಕ್ಸೆಲ್‌ಗಳಷ್ಟು ಚಿತ್ರ ಯಾರಿಗೂ ಕಾಣದೆ ಹೋಗುತ್ತದೆ. ನೋಟದ ಸೊಗಸಿಗೆ ಎರಡನೆಯ ದಾರಿ ಮೇಲು. ಅಕ್ಷರ, ಅಂಕಿ, ವಾಹನದ ಸಂಖ್ಯೆಗಳನ್ನು ಓದಬೇಕಾದ ಕಡೆ ಮೊದಲನೆಯದೇ ಯೋಗ್ಯವೆಂದು ನಮಗೆ ತೋರುತ್ತದೆ. ಕಾಲದ ಹೊಂದಿಕೆ ಸಿನೆರಾಮಾದಲ್ಲಿ ಇದ್ದಂತೆಯೇ: ಸೆಕೆಂಡಿಗೆ 60 ಚೌಕಟ್ಟುಗಳ ಗತಿಯಲ್ಲಿ ಒಂದು ಪರದೆ ಒಂದೇ ಚೌಕಟ್ಟು ಹಿಂದೆ ಬಿದ್ದರೂ, ಓಡುವ ಬಸ್ಸು ಸಂದಿನಲ್ಲಿ ಎರಡಾಗಿ ಸೀಳುತ್ತದೆ. ಬಣ್ಣ ಮತ್ತು ಕಾಂತಿಗಳ ಸಮತೆಯನ್ನು ಆಗಾಗ ಅಳೆದು ತಿದ್ದಬೇಕು. ಹೆಚ್ಚು ಬೆಳಗಿದ ಪರದೆ ಬೇಗ ಮಂಕಾಗುತ್ತದೆ.

ನಿಯಂತ್ರಣ ಕೇಂದ್ರದಲ್ಲಿ ಇಡೀ ಗೋಡೆ ಒಂದೇ ಚಿತ್ರವನ್ನು ತೋರಿಸುವ ಹೊತ್ತು ಕಡಿಮೆ. ನಕ್ಷೆ, ಹಲವು ಚೌಕಗಳ ಬೀದಿಯ ದೃಶ್ಯಗಳು, ಅಂಕಿಅಂಶಗಳು ಏಕಕಾಲದಲ್ಲಿ ಅದರ ಮೇಲೆ ಕೂಡುತ್ತವೆ. ಯಾವುದು ಎಷ್ಟು ದೊಡ್ಡದು, ಎಲ್ಲಿ ಎಂಬುದನ್ನು ವಿನ್ಯಾಸದ ಕಡತವೊಂದು ನಿರ್ಧರಿಸುತ್ತದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಬೆಂಗಳೂರಿನ ಪೀಣ್ಯದ ಇಸ್ಟ್ರಾಕ್ ಕೇಂದ್ರದ ಪರದೆಗಳನ್ನು ನಾಡೆಲ್ಲ ದೂರದರ್ಶನದಲ್ಲಿ ಕಂಡಿತು. ಅದು ಅಪವಾದ. ನಗರದ ಗೋಡೆಯನ್ನು ಕಾಣುವವರು ಆ ಕೊಠಡಿಯೊಳಗೆ ಪ್ರವೇಶವುಳ್ಳವರು ಮಾತ್ರ.

2019ರ ಆಗಸ್ಟಿನಲ್ಲಿ ತುಂಗೆಯ ನೆರೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತು. ಮಳೆಗಾಲದಲ್ಲಿ ಊರಿನವರು ಹೊಳೆಯ ಮಟ್ಟವನ್ನು ತಿಳಿಯುವುದು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪವನ್ನು ನೋಡಿ. ಮಂಟಪ ಮುಳುಗಿತು ಎಂದರೆ ಮುಂದಿನ ಮಾತು ಬೇಕಿಲ್ಲ. ಆ ಅಳತೆಗೋಲು ಎಲ್ಲರದು. ಸೇತುವೆಯ ಮೇಲೆ ನಿಂತ ಯಾರೂ ಅದನ್ನು ಓದಬಲ್ಲರು, ನೆನಪಿಟ್ಟುಕೊಳ್ಳಬಲ್ಲರು, ಹಿಂದಿನ ವರ್ಷಕ್ಕೆ ಹೋಲಿಸಬಲ್ಲರು. ಕೊಠಡಿಯ ಗೋಡೆ ಇದಕ್ಕಿಂತ ನೂರು ಪಟ್ಟು ಹೆಚ್ಚು ಕಂಡೀತು. ಆದರೆ ಕಂಡದ್ದರ ನೆನಪು ಊರಿನದಾಗುವುದಿಲ್ಲ. ಕ್ಯಾಮೆರಾದ ದೃಶ್ಯಗಳು ಸಂಗ್ರಹವಾಗುತ್ತವೆಂಬುದು ನಿಜ. ಸಾಮಾನ್ಯವಾಗಿ ಕೆಲವು ವಾರಗಳ ಬಳಿಕ ಹಳೆಯದರ ಮೇಲೆ ಹೊಸದು ಬರೆಯಲ್ಪಟ್ಟು ಅವು ಅಳಿಯುತ್ತವೆ. ಗೋಡೆಯ ವಿನ್ಯಾಸ, ಎಂದರೆ ಆ ದಿನ ಆ ಗಳಿಗೆಯಲ್ಲಿ ಯಾವ ಬೀದಿ ದೊಡ್ಡದಾಗಿ, ಯಾವುದು ಮೂಲೆಯಲ್ಲಿ ಚಿಕ್ಕದಾಗಿ ಇತ್ತೆಂಬುದು, ಬೇಕೆಂದೇ ದಾಖಲಿಸದಿದ್ದರೆ ಆ ವಾರಗಳಷ್ಟೂ ಉಳಿಯದು. ಅಧಿಕಾರಿಗಳು ಏನನ್ನು ಕಂಡು ಒಂದು ನಿರ್ಧಾರಕ್ಕೆ ಬಂದರು ಎಂದು ಮುಂದಿನ ಸಂಶೋಧಕ ಕೇಳಿದಾಗ ಉತ್ತರ ಇರಬೇಕಾದುದು ಅದರಲ್ಲಿಯೇ.

ಎಲ್ಲವನ್ನೂ ಕೂಡಿಡಬೇಕೆಂದು ನಾವು ಹೇಳುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಬೀದಿಯಲ್ಲಿ ನಡೆದವರ ಮುಖಗಳನ್ನು ಸಂಶೋಧನೆಯ ಹೆಸರಿನಲ್ಲಿ ಶಾಶ್ವತವಾಗಿ ಕಾಪಿಡುವುದು ಆ ಹಕ್ಕಿಗೆ ಹೊಂದುವ ಮಾತಲ್ಲ. ದೃಶ್ಯಗಳು ಕಾಲಕಾಲಕ್ಕೆ ಅಳಿಯುವುದೇ ಒಳಿತು. ಉಳಿಯಬೇಕಾದುದು ಬೇರೆ, ಅತ್ಯಲ್ಪ. ಬಿ. ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳು, ಎಂಟನೆಯ ಸಂಪುಟಗಳಾಗಿ ಪ್ರಕಟಿಸಿದಾಗ, ಪಾಠದೊಡನೆ ಕಲ್ಲು ನಿಂತ ಸ್ಥಳವನ್ನೂ, ತಾಲ್ಲೂಕುವಾರು ಸಂಖ್ಯೆಯನ್ನೂ ಕೊಟ್ಟನು. ಕಲ್ಲು ಸ್ಥಳಾಂತರವಾದರೂ ಅದರ ಮೂಲಸ್ಥಾನವನ್ನು ನಾವಿಂದು ಹೇಳಬಲ್ಲೆವಾದರೆ ಅದು ಆ ಒಂದು ಸಾಲಿನ ಉಪಕಾರ. ವಿಡಿಯೋ ವಾಲಿನ ವಿನ್ಯಾಸದ ಕಡತ ಅಂತಹುದೇ ಒಂದು ಸಾಲು. ಅದರಲ್ಲಿ ಯಾರ ಮುಖವೂ ಇಲ್ಲ. ಕ್ಯಾಮೆರಾದ ಸಂಖ್ಯೆ, ಪರದೆಯ ವಿಳಾಸ, ಗಾತ್ರ, ದಿನಾಂಕ, ಗಳಿಗೆ ಇಷ್ಟೇ. ಕೇಂದ್ರ ಸರ್ಕಾರದ ದಾಖಲೆಗಳಿಗೆ ಅನ್ವಯಿಸುವ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ಗಣಕಯಂತ್ರದಿಂದ ಉತ್ಪನ್ನವಾದುದನ್ನೂ ದಾಖಲೆಯೆಂದೇ ಎಣಿಸಿದೆ. ನಗರಗಳ ಕೇಂದ್ರಗಳೂ ನೆರೆ, ಉತ್ಸವ, ಗಲಭೆಗಳ ದಿನಗಳ ವಿನ್ಯಾಸ ಕಡತಗಳನ್ನು, ಅವುಗಳನ್ನು ಬದಲಿಸಿದವರ ಹುದ್ದೆಯ ಹೆಸರಿನೊಡನೆ ವರ್ಷಕ್ಕೊಮ್ಮೆ ಮುದ್ರಿಸಿ ಜಿಲ್ಲಾ ದಾಖಲೆ ಕೊಠಡಿಗೆ ಒಪ್ಪಿಸುವ ಏರ್ಪಾಡು ಆಗಬೇಕು. ಕಡತ ಚಿಕ್ಕದು, ಮುದ್ರಿಸಿದರೆ ದಿನವೊಂದಕ್ಕೆ ಕೆಲವು ಹಾಳೆಗಳಾದಾವು.