ಬಣ್ಣದ ತೊಟ್ಟಿಲು

ತಮ್ಮ ಮನೆಯ ಅಟ್ಟದ ಮೇಲೆ ಏನೇನಿದೆಯೆಂದು ತಾವು ಇತ್ತೀಚೆಗೆ ನೋಡಿದ್ದುಂಟೆ? ತೂತುಬಿದ್ದ ಹಂಡೆ, ಹಳೆಯ ಪಂಚಾಂಗಗಳ ಕಟ್ಟು, ಕಾಲು ಮುರಿದ ಮಣೆ—ಇವುಗಳ ನಡುವೆ ಧೂಳು ಹೊದ್ದ ಬಣ್ಣದ ತೊಟ್ಟಿಲೊಂದಿದ್ದೀತು. ಧಾರವಾಡ ಸೀಮೆಯ ಮನೆಯಾದರೆ ಅದು ಕಲಘಟಗಿಯದೇ ಆಗಿದ್ದರೂ ಆದೀತು. ಅದನ್ನು ಕೆಳಗಿಳಿಸಿ ‘ಹೊಸದು’ ಮಾಡುವ ಮುನ್ನ ಈ ನಾಲ್ಕು ಮಾತುಗಳನ್ನು ಕೇಳಿರೆಂದು ನನ್ನ ಬಿನ್ನಹ.

ನಮ್ಮ ಹಿರಿಯರ ಮನೆಗಳಲ್ಲಿ ಮರದ ಸಾಮಾನು ಬಹಳವಿರಲಿಲ್ಲ. ಮಣೆ, ಮಂಚ, ಪೆಟ್ಟಿಗೆ, ತೂಗುಮಣೆ, ತೊಟ್ಟಿಲು—ಇಷ್ಟಾದರೆ ಸಂಸಾರ ತುಂಬಿದಂತೆ. ಕುರ್ಚಿ ಮೇಜುಗಳು ಈಚಿನವು. ತೊಟ್ಟಿಲೆಂಬ ಮಾತಾದರೋ ಬಹಳ ಹಳೆಯದು. ತಮಿಳು ಮಲೆಯಾಳಗಳಲ್ಲಿಯೂ ಅದು ತೊಟ್ಟಿಲ್ ಎಂದೇ ಉಳಿದಿದೆ. ಇದ್ದ ಕೆಲವೇ ಸಾಮಾನುಗಳಲ್ಲಿ ಚಿತ್ರಗಾರನ ಕೈ ಹೆಚ್ಚು ಓಡಿದ್ದು ಈ ತೊಟ್ಟಿಲಿನ ಮೇಲೆ.

ಬಣ್ಣ ಬಳಿಯುವುದು ಶಾಸ್ತ್ರವಾಗಿ ಬೆಳೆದ ನಾಡು ನಮ್ಮದು. ಕಲ್ಯಾಣದಲ್ಲಿ 1126ರ ಸುಮಾರಿನಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಮನೆ, ಆಸನ, ಶಯ್ಯೆಗಳ ಸುಖವನ್ನು ಹೇಳುವ ಭಾಗದಲ್ಲಿಯೇ ಅವನು ಚಿತ್ರಕರ್ಮವನ್ನೂ ವಿವರಿಸುತ್ತಾನೆ. ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ವಜ್ರಲೇಪವೆಂಬ ಅಂಟನ್ನು ಮಾಡಬೇಕು, ಅದನ್ನು ಬಿಳಿಯ ಮಣ್ಣಿನೊಡನೆ ಕಲಸಿ ಮೊದಲು ಗೋಡೆಯನ್ನು ಹದಗೊಳಿಸಬೇಕು, ಬಣ್ಣವೇನಿದ್ದರೂ ಅನಂತರ. ಇದು ಗೋಡೆಗೆ ಹೇಳಿದ ಕ್ರಮ. ಆದರೆ ಮೊದಲು ನೆಲಗಟ್ಟು, ಬಳಿಕ ಬಣ್ಣವೆಂಬ ಅದರ ತತ್ತ್ವ ಮರಕ್ಕೂ ಸಲ್ಲುತ್ತದೆ.

ಕೊಪ್ಪಳಕ್ಕೆ ಸಮೀಪದ ಕಿನ್ನಾಳದ ಚಿತ್ರಗಾರರಲ್ಲಿ ಈ ತತ್ತ್ವವನ್ನು ಕಣ್ಣಾರೆ ಕಾಣಬಹುದು. ಪುಡಿ ಮಾಡಿದ ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಿಸೆ ಬೀಜದ ಅಂಟು—ಇವನ್ನು ಕಲಸಿದ ಕಿಟ್ಟದಿಂದ ಮರದ ಬೆಸುಗೆಗಳನ್ನು ಮುಚ್ಚಿ, ಅದರ ಮೇಲೆ ಬಣ್ಣವಿಡುತ್ತಾರೆ. ತವರದ ಪುಡಿಯನ್ನು ಅಂಟಿನಲ್ಲಿ ಹಚ್ಚಿ, ನುಣುಪುಗಲ್ಲಿನಿಂದ ತಿಕ್ಕಿ ಬೆಳ್ಳಿಯ ಹೊಳಪು ತರಿಸುತ್ತಾರೆ. ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳು ತಮ್ಮ ಪೂರ್ವಿಕರವೆಂದು ಅವರ ಮನೆತನಗಳಲ್ಲಿ ಹೇಳಿಕೆಯಿದೆ.

ಕಲಘಟಗಿ ಇರುವುದು ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ, ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಎಡೆಯಲ್ಲಿ. ಸಾಗವಾನಿಯ ಕಾಡು ಒಂದು ಕಡೆ, ಕೊಳ್ಳುವ ಪೇಟೆ ಇನ್ನೊಂದು ಕಡೆ. ಇಲ್ಲಿಯ ತೊಟ್ಟಿಲಿನ ಹೊಳಪು ಅರಗಿನದು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಕಥೆ ತಮಗೆ ಗೊತ್ತು. ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಯ ಮೇಲೆ ಸಣ್ಣ ಹುಳುಗಳು ಸ್ರವಿಸುವ ವಸ್ತುವೇ ಅರಗು. ಬಿಸಿಗೆ ಬೇಗ ಮೆತ್ತಗಾಗುವ ಅದರ ಗುಣ ಕುಶಲಕರ್ಮಿಗೆ ಉಪಕಾರಿಯಾಯಿತು. ಅರಗಿನ ಕೆಲಸದಲ್ಲಿ, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಕಾವಿಗೆ ಅದು ಕರಗಿ ಮರಕ್ಕೆ ಹಿಡಿಯುತ್ತದೆ. ಇನ್ನು ತೊಟ್ಟಿಲಿನ ಅಗಲವಾದ ಹಲಗೆಗಳ ಮೇಲೆ ಬಾಲಕೃಷ್ಣನ ಲೀಲೆ, ರಾಮಾಯಣದ ಪ್ರಸಂಗ, ಹೂಬಳ್ಳಿ. ಮಗುವಿನ ಮೊದಲ ಪುಸ್ತಕ ಅದೇ ಅಲ್ಲವೆ?

ಚೊಚ್ಚಲ ಕೂಸಿನ ತೊಟ್ಟಿಲು ತವರುಮನೆಯಿಂದ ಬರುವುದು ನಮ್ಮ ಕಡೆಯ ವಾಡಿಕೆ. ಬಂದ ತೊಟ್ಟಿಲು ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ; ಅಕ್ಕನ ಮನೆಗೆ, ಚಿಕ್ಕಪ್ಪನ ಮನೆಗೆ, ನೆರೆಮನೆಗೆ ಹೋಗಿ ಮರಳಿ ಬರುತ್ತದೆ. ಹಾಗೆ ತೂಗಿದ ತಾಯಂದಿರ ಕೈ ತಾಗಿ ತಾಗಿ ಅದರ ಅಂಚು ನುಣುಪಾಗುತ್ತದೆ.

ಇಷ್ಟನ್ನು ತಿಳಿದೂ ನಾನು ಮಾಡಿದ ತಪ್ಪನ್ನು ತಮ್ಮೆದುರು ಒಪ್ಪಿಕೊಳ್ಳುತ್ತೇನೆ. ಮೊಮ್ಮಗಳ ನಾಮಕರಣಕ್ಕೆ ನಮ್ಮಜ್ಜಿಯ ತವರಿನಿಂದ ಬಂದಿದ್ದ ತೊಟ್ಟಿಲನ್ನು ಕೆಳಗಿಳಿಸಿದೆವು. ಬಣ್ಣ ಮಾಸಿತ್ತು. ನಾಲ್ಕು ಜನ ಬರುವ ಮನೆ; ಚೆಂದ ಕಾಣಲೆಂದು ಮರಳುಕಾಗದದಿಂದ ಉಜ್ಜಿಸಿ, ಗುಲಾಬಿ ಎಣ್ಣೆಬಣ್ಣ ಎರಡು ಸಲ ಹೊಡೆಸಿದೆ. ಬಂದವರೆಲ್ಲ ಮೆಚ್ಚಿದರು. ಎಂಬತ್ತು ದಾಟಿದ ನಮ್ಮ ಸೋದರತ್ತೆ ಮಾತ್ರ ಹಲಗೆಯ ಮೇಲೆ ಕೈಯಾಡಿಸಿ ಕೇಳಿದರು: “ನಮ್ಮ ಬೆಣ್ಣಿ ಕೃಷ್ಣ ಎಲ್ಲಿ ಹ್ವಾದನೋ, ತಮ್ಮಾ?” ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನನಗೆ ಉತ್ತರ ತೋಚಲಿಲ್ಲ.

ಆಮೇಲೆ ಬಲ್ಲವರೊಬ್ಬರನ್ನು ಕರೆಸಿದೆ. ಅವರು ಒಂದು ಮೂಲೆಯಲ್ಲಿ ಹೊಸ ಬಣ್ಣವನ್ನು ಕರಗಿಸಿ ನೋಡಿದರು; ಅದರೊಡನೆ ಅಡಿಯ ಅರಗೂ ಎದ್ದು ಬಂತು. ಸ್ಪಿರಿಟ್ಟಿಗೆ ಅರಗು ಕರಗುವುದು ಸಹಜವೇ. ಈಗ ಆ ತೊಟ್ಟಿಲಿನ ತಳದ ಹಲಗೆಯಲ್ಲಿ ಮಾತ್ರ, ಬಣ್ಣದವನ ಕುಂಚ ತಲುಪದ ಗೇಣಗಲದ ಜಾಗದಲ್ಲಿ, ಹಳೆಯ ಕೆಂಪು ಉಳಿದಿದೆ.

ಆದುದರಿಂದ ತಮ್ಮಲ್ಲಿ ಹೇಳುವುದಿಷ್ಟು. ಹಳೆಯ ತೊಟ್ಟಿಲನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ಬಿಸಿಲಿಗಿಡಬೇಡಿ, ಸ್ಪಿರಿಟ್ಟು ತಾಗಿಸಬೇಡಿ, ಮೇಲೆ ಬಣ್ಣ ಬಳಿಯಬೇಡಿ. ಇನ್ನೊಂದು ಎಚ್ಚರ: ಹಿಂದಿನ ಬಣ್ಣಗಳಲ್ಲಿ ಸಿಂಧೂರವೆಂದರೆ ಸೀಸದ್ದು, ಹರಿತಾಳವೆಂದರೆ ಪಾಷಾಣದ್ದು. ಕೂಸನ್ನು ಮಲಗಿಸುವುದಾದರೆ ಒಳಗೆಲ್ಲ ದಪ್ಪ ಕೌದಿ ಹಾಸಿ, ಅಂಚನ್ನು ಬಟ್ಟೆಯಿಂದ ಸುತ್ತಿರಿ. ಹಲ್ಲು ಬರುವ ಕೂಸು ಅದನ್ನು ಕಚ್ಚದಿರಲಿ. ಬಣ್ಣ ಏಳುತ್ತಿದ್ದರೆ ನಾಮಕರಣದ ಒಂದು ದಿನದ ಶಾಸ್ತ್ರಕ್ಕಷ್ಟೇ ಬಳಸಿ ತೆಗೆದಿಡಿ.

ಹಳೆಯ ಸಾಮಾನು ಕೊಳ್ಳುವವರು ಬಾಗಿಲಿಗೆ ಬಂದು ಒಳ್ಳೆಯ ಬೆಲೆ ಹೇಳಿಯಾರು. ಕೊಡುವುದು ಬಿಡುವುದು ತಮ್ಮ ಇಷ್ಟ. ಅದಕ್ಕೆ ಮುನ್ನ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿರಿ: ಈ ತೊಟ್ಟಿಲು ಯಾರ ತವರಿನಿಂದ ಬಂತು, ಯಾರು ಯಾರು ಇದರಲ್ಲಿ ಮಲಗಿದರು, ಹಲಗೆಯ ಮೇಲೆ ಇರುವವರು ಯಾರು? ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ. ನಮ್ಮ ಸೋದರತ್ತೆ ಹೇಳಿ ಬರೆಸಿದ ಹಾಳೆ ನನ್ನಲ್ಲಿದೆ. ಹದಿನೇಳು ಹೆಸರುಗಳಿವೆ, ಮೊಮ್ಮಗಳದು ಕೊನೆಯದು.